ಪಕ್ಕದ ಕುರ್ಚಿಯ ತಾಯಿ

ಬೆಳ್ಳಟ್ಟಿ
ಭಾನುವಾರ, ೧ ಜೂನ್ ೨೦೨೫

ಪ್ರೀತಿಯ ಅಕ್ಕಾ,

ನೀನು ಪುಣೆಯಲ್ಲಿಲ್ಲ, ಮುಂಡರಗಿಯಲ್ಲಿದ್ದೀ ಎಂಬುದು ನಿನ್ನ ಮಗಳಿಗೆ, ಸ್ನೇಹಾಗೆ, ಗೊತ್ತು. ಫೆಬ್ರುವರಿಯಲ್ಲಿ ಗೊತ್ತಾದದ್ದಲ್ಲ, ಎರಡು ವರ್ಷದಿಂದ ಗೊತ್ತು. ಹೇಳಿದವನು ನಾನೇ. ಕ್ಷೇಮ ಕೇಳುವುದಕ್ಕೂ ಮೊದಲು ಇದನ್ನು ಬರೆದುಬಿಟ್ಟೆ. ಮೊದಲು ಆರೋಗ್ಯ, ಆಮೇಲೆ ಮಳೆ, ಆಮೇಲೆ ಎಮ್ಮೆ ಎಂದು ಬರೆಯುತ್ತ ಹೋದರೆ ಕಾಗದವೂ ಮುಗಿಯುತ್ತದೆ, ಧೈರ್ಯವೂ ಮುಗಿಯುತ್ತದೆ. ಈಗ ಕೇಳುತ್ತೇನೆ. ನೀನು ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ಬಳೆ ಇಡಿಸಿಕೊಳ್ಳಲು ಕುಳಿತಾಗ ನಿನ್ನ ಕೈ ಬಹಳ ಸೋತಿತ್ತು, ಹಳೆಯ ಅಳತೆಯ ಬಳೆ ಮೊಣಕೈವರೆಗೂ ಜಾರುತ್ತಿದ್ದವು ಎಂದು ರಹಿಮತಬಿ ಹೇಳಿದಳು. ಹೊತ್ತಿಗೆ ಸರಿಯಾಗಿ ಉಣ್ಣು ಅಕ್ಕಾ. ಎಲ್ಲರಿಗೂ ಬಡಿಸಿ ತಳದ್ದನ್ನು ಕೆರೆದುಕೊಂಡು ತಿನ್ನುವ ಚಾಳಿ ನಿನ್ನದು, ನನಗೆ ಗೊತ್ತಿಲ್ಲವೇ? ಇಲ್ಲಿ ಅವ್ವ ಚೆನ್ನಾಗಿದ್ದಾಳೆ. ಮೊಣಕಾಲು ಹಿಡಿದುಕೊಂಡಿವೆ, ಬಾಯಿ ಮಾತ್ರ ಮೊದಲಿನಂತೆಯೇ ಓಡಾಡಿಕೊಂಡಿದೆ.

ಫೋನು ಮಾಡಬಹುದಿತ್ತು. ಆದರೆ ನಿನ್ನ ಫೋನು ಒಮ್ಮೆ ನಿನ್ನ ಕೈಯಲ್ಲಿ, ಒಮ್ಮೆ ನಿನ್ನ ಅತ್ತೆಯ ಕೈಯಲ್ಲಿ. ಮೇಲಾಗಿ ಫೋನಿನಲ್ಲಿ ನೀನು ಅಳುತ್ತೀ, ನಾನು ಸಿಟ್ಟಿಗೇಳುತ್ತೇನೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಇದನ್ನು ಬರೆದು ರಹಿಮತಬಿಯ ಬಳೆ ಪೆಟ್ಟಿಗೆಯಲ್ಲಿ ಇಡುತ್ತಿದ್ದೇನೆ. ಇಂದು ಸಂಜೆ ಅವಳು ಮುಂಡರಗಿಗೆ ಮಗಳ ಮನೆಗೆ ಹೊರಟಿದ್ದಾಳೆ. ಓದಿದ ಮೇಲೆ ಒಲೆಗೆ ಹಾಕಿಬಿಡು. ಹೋದ ವಾರ ಅವಳ ಕೈಯಲ್ಲಿ ನೀನು ಹೇಳಿ ಕಳಿಸಿದ್ದು ನನಗೆ ಮುಟ್ಟಿದೆ. "ಸ್ನೇಹಾಗ ಎರಡು ವಸತಿ ಸಾಲಿಯೊಳಗ ಸೀಟು ಸಿಗೂ ಹಂಗ ಐತಂತ. ಮುಂಡರಗಿ ಕಡೀದನ್ನs ತಗೋ ಅಂತ ಅಪ್ಪುಗ ಹೇಳು. ತಿಂಗಳಿಗೊಮ್ಮೆ ಏನರ ನೆಪಾ ಮಾಡಿ ನೋಡಿ ಬರ್ತೀನಿ, ನಿಧಾನಕ ಎಲ್ಲಾ ತಿಳಿಸಿ ಹೇಳ್ತೀನಿ" ಎಂದೆಯಂತೆ. ಹೇಳುವಾಗ ರಹಿಮತಬಿಯ ಕಣ್ಣಲ್ಲೇ ನೀರಿತ್ತು. ಅದಕ್ಕೆ ಉತ್ತರ ಕೊಡುವುದಕ್ಕೆಂದೇ ಈ ಕಾಗದ. ಆದರೆ ಎಲ್ಲವನ್ನೂ ಒಂದೊಂದಾಗಿ ಹೇಳದೆ ಉತ್ತರ ಕೊಟ್ಟರೆ ನಿನಗೆ ಅರ್ಥವಾಗುವುದಿಲ್ಲ.

ಐದು ವರ್ಷದ ಹಿಂದೆ ನಿನ್ನ ಉಡಿಕಿಯ ಮಾತು ಕುದುರಿದ ದಿನ ನಮ್ಮ ಪಡಸಾಲೆಯಲ್ಲಿ ಹಿರಿಯರು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಗಂಡ ಸತ್ತ ಹುಡುಗಿಗೆ ಎರಡನೆಯ ಮನೆ ಸಿಕ್ಕಿತಲ್ಲ ಎಂದು ಎಲ್ಲರಿಗೂ ಹಿಗ್ಗು. ಆಗ ಆ ಕಡೆಯ ಹಿರಿಯರೊಬ್ಬರು ಅಡಿಕೆ ಕತ್ತರಿಸುತ್ತಲೇ ಹೇಳಿದರು: "ಅಕಿ ಮಗಳು ಇಲ್ಲೇ ಇರ್ಲಿ. ನಮ್ಮ ಮನಿಯಾಗ ಮೊದಲನೇ ಗಂಡನ ಸುದ್ದಿ ಬ್ಯಾಡ, ಅವನ ಮಗಳ ಸುದ್ದೀನೂ ಬ್ಯಾಡ." ನೀನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಸೋಸುವುದನ್ನು ನಿಲ್ಲಿಸಲಿಲ್ಲ. ಸ್ನೇಹಾ ಆಗ ಒಂದನೆಯ ತರಗತಿ. ಅವ್ವ ಅವಳಿಗೆ, ನಿಮ್ಮವ್ವ ಪುಣೆಯ ದವಾಖಾನೆಯಲ್ಲಿ ಕೆಲಸಕ್ಕೆ ಹೋಗಿದ್ದಾಳೆ ಎಂದಳು. ಊರೆಲ್ಲ ಅದನ್ನೇ ಅಂದಿತು. ಕಿರಾಣಿ ಅಂಗಡಿಯವನೂ ಅಂದ, ಗಿರಣಿಯವನೂ ಅಂದ. ಒಂದು ಮಗುವಿಗಾಗಿ ಇಡೀ ಬೆಳ್ಳಟ್ಟಿ ಕೂಡಿ ಆಡಿದ ನಾಟಕ ಅದು. ಪಾರ್ಟು ತಪ್ಪಿಸಿದವನು ನಾನೊಬ್ಬನೇ. ಎರಡು ವರ್ಷದ ಹಿಂದೆ, ಪಂಚಮಿಗೆ ಬಂದು ನೀನು ಹೋದ ಮರುದಿನ, ಎಮ್ಮೆಗೆ ನೀರು ತೋರಿಸುತ್ತಿದ್ದಾಗ ಅವಳು ಬಂದು ನಿಂತು, "ಮಾಮಾ, ಪುಣೆಕ್ಕ ಹೋಗೂ ಬಸ್ಸು ಮುಂಡರಗಿ ಮ್ಯಾಲೆ ಹೊಕ್ಕೈತೇನು?" ಎಂದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಅಕ್ಕಾ. ಇಲ್ಲ ಎಂದೆ. ಮುಂದೆ ಅವಳು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಎಲ್ಲ ಕೇಳಿ ಮುಗಿದ ಮೇಲೆ, "ಆಯಿಗೆ ನನಗ ಗೊತ್ತೈತಿ ಅಂತ ಹೇಳಬ್ಯಾಡ, ಪಾಪ" ಎಂದಳು. ಪಾಪ ಎಂದದ್ದು ನಮ್ಮವ್ವನಿಗೆ. ಹೊರಟವಳು ತಿರುಗಿ ನಿಂತು, "ಅವ್ವಗೂ ಹೇಳಬ್ಯಾಡ" ಎಂದಳು.

ಅಂದಿನಿಂದ ನೀನು ಭಾನುವಾರ ಫೋನು ಮಾಡಿದಾಗಲೆಲ್ಲ ಅವಳು ಪುಣೆಯ ಬಗ್ಗೆಯೇ ಕೇಳಿದ್ದು ನಿನಗೆ ನೆನಪಿದೆಯಲ್ಲ? "ಪುಣೆದಾಗ ಮಳಿ ಆತೇನು, ಪುಣೆದಾಗ ಥಂಡಿ ಐತೇನು?" ನೀನು ಆತವ್ವಾ, ಐತವ್ವಾ ಅನ್ನುತ್ತಿದ್ದೆ. ನಿನ್ನ ಸಲುವಾಗಿ ಕೇಳುತ್ತಿದ್ದಳು. ಒಮ್ಮೆ ನೀನು ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದ್ದೆ. ಹಿಂದಿನಿಂದ ಕಂಡಕ್ಟರು ಡಂಬಳ, ಗದಗ ಎಂದು ಕೂಗುವುದು ನಮಗೆಲ್ಲ ಕೇಳಿಸಿತು. ಅವ್ವನ ಮುಖ ಬಿಳುಪೇರಿತು. ಆಗ ಈ ಹುಡುಗಿ, ಹತ್ತು ವರ್ಷ ತುಂಬದವಳು, "ಅವ್ವಾ, ನಿಮ್ಮ ದವಾಖಾನಿಯೊಳಗ ಗದಗಿನ ಮಂದಿ ಭಾಳ ಅದಾರಂತಲ್ಲ, ಛಲೋ ಆತು ಬಿಡು, ಮಾತಾಡಾಕ ಆಕ್ಕೈತಿ" ಎಂದಳು. ನೀನು ಹೌದವ್ವಾ ಎಂದು ಉಸಿರು ಬಿಟ್ಟದ್ದು ನನ್ನ ಕಿವಿಗೂ ಬಂತು. ಹೋದ ಪಂಚಮಿಗೆ ನೀನು ಪುಣೆಯದೆಂದು ತಂದ ಲಂಗದ ಚೀಲದ ಮೇಲೆ ಮುಂಡರಗಿಯ ಅಂಗಡಿಯ ಹೆಸರಿತ್ತು. ನೀನು ನೋಡಿರಲಿಲ್ಲ. ಅವಳು ಚೀಲವನ್ನು ಒಳಹೊರಗು ಮಾಡಿ ಮಡಚಿ ಹಾಸಿಗೆಯ ಕೆಳಗಿಟ್ಟಳು. ನಾನು ಊರೂರು ತಿರುಗಿ ಎಷ್ಟೋ ಶಾಲೆಯ ನಾಟಕ ನೋಡಿದ್ದೇನೆ. ಇವಳಷ್ಟು ಚೆನ್ನಾಗಿ ಪಾರ್ಟು ಮಾಡುವವರನ್ನು ಎಲ್ಲೂ ಕಾಣಲಿಲ್ಲ.

ನಾನು ಈಗಲೂ ಮಹಬೂಬಸಾಬ ಕಾಕಾನ ಮೈಕ್ ಸೆಟ್ಟಿನ ಜೊತೆಗೇ ಇದ್ದೇನೆ. ಗೋವಾದ ಟೈಲ್ಸ್ ಕೆಲಸ ಬಿಟ್ಟೆ, ಹುಬ್ಬಳ್ಳಿಯ ಹೋಟೆಲು ಬಿಟ್ಟೆ, ಇದನ್ನು ಮಾತ್ರ ಬಿಡಲು ಮನಸ್ಸಾಗುತ್ತಿಲ್ಲ. ನನ್ನ ಶಾಲೆ ಬಿಡಿಸಿದ್ದೂ ಮೈಕೇ, ಈಗ ಅನ್ನ ಹಾಕುತ್ತಿರುವುದೂ ಮೈಕೇ. ಒಂಬತ್ತನೆಯ ತರಗತಿಯ ಗ್ಯಾದರಿಂಗಿನಲ್ಲಿ ಅತಿಥಿಗಳನ್ನು ಸ್ವಾಗತಿಸು ಎಂದು ಕೈಗೆ ಮೈಕು ಕೊಟ್ಟರೆ, ಹೋದ ವರ್ಷ ಪಾಯಿಖಾನೆ ಕಟ್ಟಿಸಿಕೊಡುತ್ತೇನೆಂದು ಮಾತು ಕೊಟ್ಟು ಹೋದವರು ಇವರೇ ಎಂದು ಸ್ವಾಗತಿಸಿದೆನಲ್ಲ. ಮರುದಿನ ಹೆಡ್ ಮಾಸ್ತರರು ತಪ್ಪಾಯಿತು ಅನ್ನು ಎಂದರು, ನಾನು ಅನ್ನಲಿಲ್ಲ, ಮತ್ತೆ ಆ ಗೇಟು ದಾಟಲಿಲ್ಲ. ಆ ರಾತ್ರಿ ನೀನು ನನ್ನನ್ನು ಸೌಟಿನಿಂದ ಹೊಡೆದು, ಆಮೇಲೆ ನೀನೇ ಎಣ್ಣೆ ಹಚ್ಚಿದ್ದೆ. ಈಗ ಡಿಸೆಂಬರಿನಿಂದ ಮಾರ್ಚಿಯವರೆಗೆ ನನಗೆ ಪುರುಸೊತ್ತಿಲ್ಲ. ಇಂದು ಅಡರಕಟ್ಟಿ, ನಾಳೆ ನಾಗಾವಿ, ಮರುದಿನ ಶಿರಹಟ್ಟಿ. ಎಲ್ಲ ಕಡೆ ಅದೇ ಕುಣಿತ, ಅದೇ ಜರಿ ಪೇಟ, ಅದೇ ಮೀಸೆ ಬರೆಸಿಕೊಂಡು ಸೀನುವ ಹುಡುಗರು. ಅಡರಕಟ್ಟಿಯಲ್ಲಿ ಒಬ್ಬ ರಾಜ ಸಿಂಹಾಸನದ ಮೇಲೆ ಕುಳಿತಲ್ಲೇ ನಿದ್ದೆ ಹೋದ. ಮಂತ್ರಿ ಕಾಲಿನಿಂದ ತಿವಿದು, "ಏಳಲೇ ರಾಜಾ, ನಿಂದs ಐತಿ ಮಾತು" ಎಂದದ್ದು ಊರಿಗೆಲ್ಲ ಕೇಳಿಸಿತು. ನೀನಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನಮ್ಮೂರ ಶಾಲೆಗೆ ಪದ್ಮಾಬಾಯಿ ಅಕ್ಕೋರು ಬಂದ ಮೇಲೆ ಒಂದು ಹೊಸ ರೂಢಿ ಹಾಕಿದ್ದಾರೆ. ಪ್ರತಿ ಶನಿವಾರ ಒಬ್ಬೊಬ್ಬ ಹುಡುಗ, ಹುಡುಗಿ ಊರಲ್ಲಿ ಓದಲು ಬಾರದವರ ಒಂದು ಮನೆಗೆ ಹೋಗಿ ಕಥೆ ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರು ಸೋಮವಾರ ಅಕ್ಕೋರು ಸಿಕ್ಕಾಗ ಕಥೆಯಲ್ಲಿ ಏನಾಯಿತೆಂದು ಹೇಳಬೇಕು. ಸ್ನೇಹಾಗೆ ಸಿಕ್ಕದ್ದು ರಹಿಮತಬಿಯ ಮನೆ. ಅವಳು ಬಳೆ ಒರೆಸುತ್ತ ಕೇಳುತ್ತಾಳೆ, ಇವಳು ನಿಂತುಕೊಂಡೇ ಓದುತ್ತಾಳೆ. ನಮ್ಮವ್ವನೂ ಅಲ್ಲಿಗೇ ಹೋಗಿ ಕಂಬಕ್ಕೆ ಒರಗಿ ಕೂಡುತ್ತಾಳೆ, ಎರಡನೆಯ ಪುಟಕ್ಕೆ ಗೊರಕೆ. ಅಕ್ಕೋರು ಕೇಳಿದರೆ ಪ್ರತಿ ಕಥೆಗೂ ಒಂದೇ ಉತ್ತರ: "ಕಡೀಕ ಹುಲಿ ಸತ್ತತ್ರೀ ಅಕ್ಕೋರ." ಕಥೆಯಲ್ಲಿ ಹುಲಿಯೇ ಇರುವುದಿಲ್ಲ. ರಹಿಮತಬಿ, "ಗದಿಗೆವ್ವಾ, ನಿನ್ನ ಗೊರಕಿಗೇ ಸತ್ತಿರಬೇಕು ಬಿಡು" ಎನ್ನುತ್ತಾಳೆ. ಹೀಗೆ ಓದಿ ಓದಿ ಸ್ನೇಹಾಳ ದನಿ ಎಷ್ಟು ಕುದುರಿತೆಂದರೆ, ಫೆಬ್ರುವರಿಯಲ್ಲಿ ಮುಂಡರಗಿಯ ಶಾಲೆಯೊಂದು ತನ್ನ ವಾರ್ಷಿಕೋತ್ಸವದ ದಿನ ಸುತ್ತಲಿನ ಶಾಲೆಗಳಿಗೆ ಗಟ್ಟಿ ಓದಿನ ಸ್ಪರ್ಧೆ ಇಟ್ಟಾಗ ಅಕ್ಕೋರು ಬೆಳ್ಳಟ್ಟಿಯಿಂದ ಅವಳನ್ನೇ ಆರಿಸಿದರು. ಅದು ನಿಮ್ಮ ಮನೆಯ ವೀರುನ ಶಾಲೆ ಎಂದು ನನಗೆ ಗೊತ್ತಿತ್ತು. ಮೈಕ್ ಸೆಟ್ಟೂ ನಮ್ಮದೇ ಇತ್ತು. ತಡೆಯಬಹುದಿತ್ತು. ತಡೆಯಲಿಲ್ಲ. ಒಂದು ಸಲ ಅವಳ ಓದು ನಿನ್ನ ಕಿವಿಗೆ ಬೀಳಲಿ ಎಂಬ ಆಸೆ ನನಗಿತ್ತು. ತಾಯಂದಿರ ಪಾದಪೂಜೆಯನ್ನೂ ಇಟ್ಟಿದ್ದಾರೆ ಎಂಬುದು ಮಾತ್ರ ಸ್ಪೀಕರ್ ಬಾಕ್ಸು ಇಳಿಸುವವರೆಗೂ ಗೊತ್ತಿರಲಿಲ್ಲ.

ಅಂದು ನಿನ್ನ ಕುರ್ಚಿಯಿಂದ ಕಂಡದ್ದು ನಿನಗೆ ಗೊತ್ತು. ವೇದಿಕೆಯ ಬದಿಯಲ್ಲಿ ಮಿಕ್ಸರ್ ಮುಂದೆ ನಿಂತು ನಾನು ಕಂಡದ್ದನ್ನು ಬರೆಯುತ್ತೇನೆ. ನೀವು ತಾಯಂದಿರೆಲ್ಲ ಸಾಲಾಗಿ ಕುಳಿತಿದ್ದಿರಿ, ಪ್ರತಿಯೊಬ್ಬರ ಮುಂದೂ ಹಿತ್ತಾಳೆ ಪರಾತ, ತಂಬಿಗೆ, ಅರಿಷಿಣ, ಕುಂಕುಮ. ನೀನು ಹಸಿರು ಸೀರೆ ಉಟ್ಟಿದ್ದೆ. ವೀರು ನಿನ್ನ ಕಾಲು ತೊಳೆಯುವಾಗ ಕಚಗುಳಿಯಾಗಿ ನೀನು ನಕ್ಕೆ, ಅವನೂ ನಕ್ಕ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ ಅಕ್ಕಾ. ನೀನು ಆ ಮನೆಗೆ ಹೋದಾಗ ತಾಯಿಯಿಲ್ಲದ ಅವನಿಗೆ ಎರಡು ವರ್ಷ, ಅವನಿಗೆ ನೀನೇ ಅವ್ವ. ಬೇರೆ ಊರಿನ ಮಕ್ಕಳು ಜಮಖಾನದ ಮೇಲೆ ಕುಳಿತು ನೋಡುತ್ತಿದ್ದರು. ಸ್ನೇಹಾ ಮೊದಲ ಸಾಲಿನಲ್ಲೇ ಇದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಅವಳು ನಿನ್ನನ್ನು ಎಷ್ಟು ಹೊತ್ತಿಗೆ ಗುರುತಿಸಿದಳೋ ಗೊತ್ತಿಲ್ಲ, ಮುಖದಲ್ಲಿ ಏನೂ ಕಾಣಿಸಲಿಲ್ಲ. ಅಷ್ಟರಲ್ಲಿ ನಿರೂಪಣೆ ಮಾಡುತ್ತಿದ್ದ ಟೀಚರಿಗೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಒಂದು ಯೋಚನೆ ಹೊಳೆಯಿತು. "ಬ್ಯಾರೆ ಊರಿಂದ ಬಂದ ಮಕ್ಕಳೂ ಬರ್ರಿ. ನಿಮ್ಮ ತಾಯಂದಿರು ಬಂದಿಲ್ಲಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಇಲ್ಲಿ ಕುಂತವರೆಲ್ಲಾ ನಿಮ್ಮ ತಾಯಂದಿರs. ಯಾರ ಪಾದಕ್ಕ ಬೇಕಾದ್ರೂ ಪೂಜಾ ಮಾಡ್ರಿ" ಎಂದರು. ಜನ ಚಪ್ಪಾಳೆ ಹೊಡೆದರು. ನಾನು ಜನರೇಟರಿನ ಕಡೆಗೆ ಹೆಜ್ಜೆ ಇಟ್ಟೆ, ಕರೆಂಟು ಹೋದರೆ ಗದ್ದಲವಾಗಿ ಇದು ಅಲ್ಲಿಗೇ ನಿಂತೀತು ಎಂದು. ಕಾಕಾ ನೋಡಿ, "ಎಲ್ಲಿಗೆ ಹೊಂಟಿಲೇ?" ಎಂದ. ನಿಂತುಬಿಟ್ಟೆ.

ಮಕ್ಕಳು ಓಡಿದರು. ಸ್ನೇಹಾ ಓಡಲಿಲ್ಲ, ಎದ್ದು ಲಂಗ ಜಾಡಿಸಿಕೊಂಡು ನಡೆದಳು. ನಿನ್ನ ಕಡೆಗೇ ನಡೆದಳು. ಅವಳ ಕೈಯಲ್ಲಿ ತಂಬಿಗೆ ಇತ್ತು. ಆಗ ನೀನು ಎರಡೂ ಕಾಲು ಹಿಂದಕ್ಕೆಳೆದು ಕುರ್ಚಿಯ ಕೆಳಗೆ ಸೀರೆಯೊಳಗೆ ಮುಚ್ಚಿಕೊಂಡೆ. ವೀರುನ ಕಡೆ ಬಗ್ಗಿ ಅವನ ಕಾಲರ್ ಸರಿಮಾಡತೊಡಗಿದೆ. ನಾನು ನೋಡಿದೆ ಅಕ್ಕಾ. ಅವಳೂ ನೋಡಿದಳು. ಒಂದು ಗಳಿಗೆ ನಿಂತಳು, ತಂಬಿಗೆಯ ನೀರು ಅವಳ ಪಾದದ ಮೇಲೇ ತುಳುಕಿತು. ಆಮೇಲೆ ನಿನ್ನ ಪಕ್ಕದ ಕುರ್ಚಿಗೆ ತಿರುಗಿದಳು. ಅಲ್ಲಿ ಕುಳಿತಿದ್ದವರು ದಪ್ಪನೆಯ ಹೆಣ್ಣುಮಗಳು, ಹೊಲದಲ್ಲಿ ದುಡಿದ ಕಾಲು, ಹಿಮ್ಮಡಿ ತುಂಬ ಒಡಕು. ಸ್ನೇಹಾ ಅವರ ಮುಂದೆ ಕುಳಿತು ಅವಸರವಿಲ್ಲದೆ ಒಂದೊಂದೇ ಬೆರಳು ತೊಳೆದಳು, ತನ್ನ ಕರ್ಚೀಫಿನಿಂದ ಒರೆಸಿದಳು, ಕುಂಕುಮ ಹಚ್ಚಿದಳು, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದಳು. ಬೇರೆ ಮಕ್ಕಳು ನೀರು ಚೆಲ್ಲಿ ಓಡಿ ಹೋಗಿದ್ದರು, ಇವಳು ಇನ್ನೂ ಅಲ್ಲೇ ಇದ್ದಳು. ಆ ತಾಯಿ ಕಣ್ಣೊರೆಸಿಕೊಂಡು, "ಎಷ್ಟ ಚಂದ ತೊಳದಿ ಯವ್ವಾ, ಯಾರ ಮಗಳು ನೀನು?" ಎಂದರು. ಟೀಚರು ಮೈಕನ್ನು ಸ್ನೇಹಾಳ ಬಾಯಿಗೆ ಹಿಡಿದರು. "ಬೆಳ್ಳಟ್ಟಿ ಗದಿಗೆವ್ವನ ಮೊಮ್ಮಗಳ್ರೀ" ಎಂದಳು. ಅದು ನನ್ನದೇ ಬಾಕ್ಸುಗಳಿಂದ ಆ ಮೈದಾನದ ತುಂಬ ಕೇಳಿಸಿತು. ನೀನು ತಲೆ ಎತ್ತಲಿಲ್ಲ.

ಅದಾದ ಮೇಲೆ ಸ್ಪರ್ಧೆ. ಅವಳ ಸರದಿ ಬಂದಾಗ ನಿನ್ನ ಕುರ್ಚಿ ಖಾಲಿಯಾಗಿತ್ತು, ಆದ್ದರಿಂದ ಇದು ನಿನಗೆ ಗೊತ್ತಿಲ್ಲ. ಅವಳು ಒಂದಕ್ಷರವನ್ನೂ ತಪ್ಪಿಸದೆ ಓದಿದಳು, ಆದರೆ ದನಿಯೇ ಇರಲಿಲ್ಲ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಬಾರದು ಎಂಬಂತೆ ಓದಿದಳು. ಮೈಕಿಗೇ ಮುಟ್ಟುತ್ತಿರಲಿಲ್ಲ. ನಾನು ದನಿ ಏರಿಸುತ್ತ ಹೋದೆ, ಏರಿಸುತ್ತ ಹೋದೆ, ಬಾಕ್ಸು ಕುಯ್ಯೋ ಎಂದು ಕಿರುಚಿಕೊಂಡಿತು. ಜನ ಕಿವಿ ಮುಚ್ಚಿಕೊಂಡರು, ಹುಡುಗರು ಹೋ ಎಂದು ನಕ್ಕರು. ಕಾಕಾ ನನ್ನ ತಲೆಗೊಂದು ಬಿಟ್ಟು, "ಕೈ ಎಲ್ಲೈತಿ, ಖ್ಯಾಲ ಎಲ್ಲೈತಿಲೇ ಅಪ್ಪು?" ಎಂದ. ಅವಳು ಕಿರುಚಾಟ ನಿಲ್ಲುವವರೆಗೂ ತಡೆದು, ಬಿಟ್ಟ ಸಾಲಿನಿಂದಲೇ ಮತ್ತೆ ಓದಿ ಮುಗಿಸಿದಳು. ಬಹುಮಾನ ಬರಲಿಲ್ಲ. ಕಾಕಾನಿಗೆ ಆಮೇಲೆ ವಿಷಯ ಹೇಳಿದೆ. ಹೇಳಬಾರದಾಗಿತ್ತೇನೋ. ಅವನು ಹೋಗಿ ಅವಳಿಗೆ ಗಿರ್ಮಿಟ್ಟು ಕಟ್ಟಿಸಿಕೊಂಡು ಬಂದ. ಅಕ್ಕೋರಿಗೆ ಕೇಳಿ ಅವಳನ್ನು ನಮ್ಮ ಟೆಂಪೋದಲ್ಲೇ ಕರೆದುಕೊಂಡು ಬಂದೆವು.

ಅವಳೂ ಹುಡುಗಿಯೇ ಅಲ್ಲವೇ ಅಕ್ಕಾ, ಮುಂದಿನ ಸೀಟೇ ಬೇಕೆಂದು ಹಟ ಮಾಡಿ ಕುಳಿತಳು. ಗಿರ್ಮಿಟ್ಟಿನಲ್ಲಿ ಸೇವು ಕಡಿಮೆ ಎಂದು ಜಗಳ ತೆಗೆದಳು. ಮೊದಲ ಬಹುಮಾನ ಬಂದ ಹುಡುಗ ಮೂರು ಕಡೆ ತಪ್ಪು ಓದಿದ, ನಿರ್ಣಾಯಕರಿಗೆ ಕಿವಿಯೇ ಇರಲಿಲ್ಲ ಎಂದು ಬೈದಳು. ಊರು ಹತ್ತಿರ ಬಂದಾಗ, ಕಾಕಾ ಡೀಸೆಲ್ ಹಾಕಿಸಲು ಇಳಿದ ಮೇಲೆ, ನನ್ನ ಕಡೆ ನೋಡದೆ ಮಾತಾಡಿದಳು. "ಮಾಮಾ, ಅವ್ವ ಅಂಜಿದ್ಲು." ಗಿರ್ಮಿಟ್ಟಿನ ಕಾಗದವನ್ನು ಮಡಚುತ್ತ ಮುಂದುವರಿಸಿದಳು. "ನಾ ಹಂಗ ಹತ್ರ ಹೋಗಬಾರದಾಗಿತ್ತು. ಕಾಲಷ್ಟs ಮುಟ್ಟಿ ಬರಬೇಕಂತ ಹೋದೆ. ಮಾತಾಡಸ್ತಿದ್ದಿಲ್ಲ, ಖರೇನs ಮಾತಾಡಸ್ತಿದ್ದಿಲ್ಲ." ನನಗೆ ಆ ಹೊತ್ತಿಗೆ ನಿನ್ನ ಮೇಲೆ ಬಂದ ಸಿಟ್ಟನ್ನು ಬರೆಯುವುದಿಲ್ಲ. ಏನೇನೋ ಅಂದೆ. ಅವಳು, "ನಿನಗೇನ್ ತಿಳೀತೈತಿ? ಅಕಿ ಅತ್ತಿ ಹಿಂದಿನ ಸಾಲಿನ್ಯಾಗs ಕುಂತಿದ್ಲು" ಎಂದು ನನ್ನ ಬಾಯಿ ಮುಚ್ಚಿಸಿದಳು. ಅತ್ತೆಯನ್ನು ಅವಳು ಹೇಗೆ ಗುರುತಿಸಿದಳು ಎಂದು ಕೇಳಿದೆ. ನಿನ್ನ ಕಣ್ಣು ಮತ್ತೆ ಮತ್ತೆ ಆ ಕಡೆಗೇ ಹೋಗುತ್ತಿದ್ದವಂತೆ.

ಆ ದಿನದಿಂದ ನಿನ್ನ ಫೋನಿಲ್ಲ. ಭಾನುವಾರ ಸಂಜೆ ಅವಳು ಫೋನಿನ ಹತ್ತಿರ ಸುಳಿಯುವುದಿಲ್ಲ, ಆದರೆ ಮನೆ ಬಿಟ್ಟು ಹೊರಗೂ ಹೋಗುವುದಿಲ್ಲ. ಪುಣೆಯ ಸುಳ್ಳು ಬಯಲಾಯಿತು, ಇನ್ನು ಯಾವ ಮುಖದಿಂದ ಮಾತಾಡಲಿ ಎಂದು ನೀನು ಹೆದರಿರಬೇಕು. ಅದಕ್ಕಾಗಿ ಮೊದಲ ಸಾಲಿನಲ್ಲೇ ಹೇಳಿದ್ದು, ಅವಳಿಗೆ ಮೊದಲೇ ಗೊತ್ತಿತ್ತು ಎಂದು. ನೀನು ವಿವರಿಸಬೇಕಾದದ್ದು ಏನೂ ಉಳಿದಿಲ್ಲ. ನನ್ನ ಸಿಟ್ಟೂ ಈಗ ಇಳಿದಿದೆ. ಮೂರು ತಿಂಗಳು ಬಾಕ್ಸು ಹೊರುತ್ತ, ವೈರು ಸುತ್ತುತ್ತ ಅದನ್ನೇ ಯೋಚಿಸಿದೆ. ನೀನು ಕಾಲು ಎಳೆದುಕೊಳ್ಳದಿದ್ದರೆ ಏನಾಗುತ್ತಿತ್ತು? ಆ ಹುಡುಗಿ ನಿನ್ನ ಕಾಲು ಮುಟ್ಟಿದ್ದರೆ ನಿನಗೆ ತಡೆದುಕೊಳ್ಳಲು ಆಗುತ್ತಿತ್ತೇ? ಆಗುತ್ತಿರಲಿಲ್ಲ. ಅಲ್ಲೇ ಅವಳನ್ನು ಅಪ್ಪಿಕೊಂಡು ಅತ್ತುಬಿಡುತ್ತಿದ್ದೆ, ಸಂಜೆಯ ಹೊತ್ತಿಗೆ ನಿನ್ನ ಗಂಟು ಬೆಳ್ಳಟ್ಟಿಗೆ ಬರುತ್ತಿತ್ತು. ಹಾಗೆ ಬಂದಿದ್ದರೇ ಒಳ್ಳೆಯದಿತ್ತು ಎಂದು ನನಗೆ ಅನಿಸುತ್ತದೆ. ಅನಿಸಿದ್ದನ್ನು ಮುಚ್ಚಿಡಲಾರೆ. ಆದರೆ ಆ ಮನೆಯಲ್ಲಿ ಬದುಕುತ್ತಿರುವವಳು ನೀನು, ನಾನಲ್ಲ.

ಉಳಿದಂತೆ ಎಲ್ಲ ಕ್ಷೇಮ. ಮಳೆ ಒಂದು ಹದ ಆಗಿದೆ, ಹೆಸರು ಬಿತ್ತಲು ಊರೆಲ್ಲ ಸಜ್ಜಾಗಿದೆ. ನಮ್ಮ ಎಮ್ಮೆ ಕರು ಹಾಕಿತು. ನಿನ್ನೆ ಶನಿವಾರ ಸ್ನೇಹಾ ರಹಿಮತಬಿಯ ಮನೆಯಲ್ಲಿ ಒಂದು ದೊಡ್ಡ ಕಥೆಯನ್ನು ಪೂರ್ತಿ ಓದಿದಳು. ಅವ್ವ ಈ ಸಲ ನಿದ್ದೆ ಮಾಡಲಿಲ್ಲ, ಕಥೆಯೂ ತಲೆಗೆ ಹತ್ತಲಿಲ್ಲ, ಬರೀ ಅವಳ ಮುಖ ನೋಡುತ್ತ ಕುಳಿತಿದ್ದಳು. ಇದನ್ನು ಬರೆಯುವಾಗಲೂ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿದೆ. ನಿನ್ನನ್ನು ನೆನೆಸಿ ಅವ್ವ ಬಹಳ ಬಡಬಡಿಸುತ್ತಾಳೆ. ಅವಳ ಆಶೀರ್ವಾದ ನಿನಗೆ ಮುಟ್ಟಲಿ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ಹೇಳಲು ಬರುವಂತಿದ್ದರೆ ಮಾತ್ರ ಹೇಳು. ವೀರುಗೆ ಮುದ್ದು. ನೀನು ಚೆನ್ನಾಗಿರು ಅಕ್ಕಾ, ಅದಕ್ಕಿಂತ ದೊಡ್ಡದನ್ನು ಹಾರೈಸಲು ನನಗೆ ತಿಳಿಯದು.

ನಿನ್ನ ತಮ್ಮ,
ಅಪ್ಪು

ತಾ.ಕ.: ರಹಿಮತಬಿ ಬಾಗಿಲಲ್ಲಿ ನಿಂತು ಜಲ್ದಿ ಮಾಡೋ ಎನ್ನುತ್ತಿದ್ದಾಳೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯದೆಯೇ ಮಡಚಿದ್ದೆ. ಇಷ್ಟು ಬರೆದ ಮೇಲೂ ಅದನ್ನು ಬರೆಯಲು ಕೈ ಬರಲಿಲ್ಲ. ಮುಂಡರಗಿಯ ಕಡೆಯ ವಸತಿ ಶಾಲೆಯಲ್ಲಿ ಸ್ನೇಹಾಗೆ ಸೀಟು ಸಿಕ್ಕಿತ್ತು. ನರಗುಂದದ ಕಡೆಯದರಲ್ಲೂ ಸಿಕ್ಕಿತ್ತು. ನಾನು ನಿನ್ನ ಮಾತನ್ನು ಅವಳಿಗೆ ಇದ್ದದ್ದು ಇದ್ದಹಾಗೆ ಹೇಳಿದೆ, ತಿಂಗಳಿಗೊಮ್ಮೆ ಬಂದು ನೋಡುತ್ತೀ ಎಂದೂ ಹೇಳಿದೆ. ಎರಡೂ ಶಾಲೆಯ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಆಮೇಲೆ, "ಬ್ಯಾಡ ಮಾಮಾ. ನಾ ಅಲ್ಲೇ ಹತ್ರ ಇದ್ರ ಅಕಿ ದಿನಾ ಅಂಜಿಕೋತ ಇರಬೇಕಾಗ್ತೈತಿ. ಸಂತ್ಯಾಗ ಅಂಜಬೇಕು, ಬಸ್‌ಸ್ಟ್ಯಾಂಡಿನ್ಯಾಗ ಅಂಜಬೇಕು. ನಾ ದೂರದ್ದಕ್ಕ ಹೊಕ್ಕೀನಿ" ಎಂದಳು. ನಾನು ಒತ್ತಾಯ ಮಾಡಲಿಲ್ಲ. ನರಗುಂದದ ಕಡೆಯದನ್ನೇ ತೆಗೆದುಕೊಂಡೆವು. ಟ್ರಂಕು ಕಟ್ಟಿದ್ದಾಗಿದೆ. ನಾಳೆ ಮುಂಜಾನೆಯ ಗದಗಿನ ಬಸ್ಸಿಗೆ ನಾನೂ ಸ್ನೇಹಾನೂ ಹೊರಡುತ್ತೇವೆ.